ಸೇತುವೆ ಕ್ಷೇಮ

ಫೆಬ್ರವರಿ 3

ಅಣ್ಣಾ,

ನೀನು ಕಳಿಸಿದ ಕಾರ್ಡು ನಿನ್ನೆ ಬಂತು. ಅದರಲ್ಲಿ ನಿನ್ನ ವಿಳಾಸ ಬಿಟ್ಟರೆ ಬೇರೆ ಒಂದಕ್ಷರವೂ ಇರಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಪರವಾಗಿಲ್ಲ, ವಿಳಾಸ ಕಳಿಸಿದೆಯಲ್ಲ, ಅಷ್ಟಾದರೂ ಆಯಿತು.

ನಾನು ಚೆನ್ನಾಗಿದ್ದೇನೆ. ನೀನು ಹೋದ ಮೇಲೆ ಇಲ್ಲಿ ಬದಲಾದದ್ದು ಕಡಿಮೆ. ಬದಲಾಯಿಸುವ ಹಾಗೂ ಇಲ್ಲ. ಹೊಳೆ ದಂಡೆಯ ಹಳೆಯ ಪಂಪ್‌ಹೌಸು, ದೋಣಿ ಕಟ್ಟುವ ಮೆಟ್ಟಿಲು, ದೀಪದ ಕಂಬಗಳು, ನಮ್ಮ ಸೇತುವೆ, ಸೇತುವೆಯ ಈ ಕಡೆ ನನ್ನ ಕೋಣೆ, ಆ ಕಡೆ ನಿನ್ನ ಕೋಣೆ, ಎಲ್ಲಕ್ಕೂ ಈಗ ‘ರಕ್ಷಿತ ಕಟ್ಟಡ’ ಎಂಬ ನೀಲಿ ಫಲಕ ಬಂದಿದೆ. ನನ್ನ ಕೋಣೆಯ ಫಲಕದಲ್ಲಿ ‘ಸೇತುವೆ ಕಾವಲುಗಾರರ ಕೊಠಡಿ, ಮೂಲ ಸ್ಥಿತಿಯಲ್ಲಿದೆ’ ಎಂದು ಬರೆದಿದ್ದಾರೆ. ಮೂಲ ಸ್ಥಿತಿಯಲ್ಲಿ ಇರಬೇಕಾದ್ದರಿಂದ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಕೊಡೆ ನೇತುಹಾಕಲು ಮೊಳೆ ಬೇಕು ಎಂದು ಕಚೇರಿಯಲ್ಲಿ ಕೇಳಿದೆ. ಅರ್ಜಿ ಕೊಡು ಎಂದರು. ಕೊಟ್ಟಿದ್ದೇನೆ. ಉತ್ತರ ಬರುವವರೆಗೆ ಕೊಡೆ ನನ್ನ ಹಾಸಿಗೆಯ ಪಕ್ಕದಲ್ಲೇ ಮಲಗುತ್ತದೆ.

ಭಾನುವಾರ ಹೊಸ ಅಪಾರ್ಟ್‌ಮೆಂಟುಗಳಿಂದ ವಾಕಿಂಗ್ ಬರುವವರು ಜಾಸ್ತಿ. ಫಲಕ ಓದಿ, ಕಿಟಕಿಗೆ ಹಣೆ ಒತ್ತಿ ಒಳಗೆ ಇಣುಕುತ್ತಾರೆ. ಮೊನ್ನೆ ನಾನು ಅಲುಗಾಡದೆ ನಿಂತು ಹಾಲು ಕಾಯುವುದನ್ನೇ ನೋಡುತ್ತಿದ್ದೆ. ಹೊರಗಿನಿಂದ ಒಂದು ಪುಟ್ಟ ಹುಡುಗಿ, “ಅಮ್ಮಾ, ಈ ಬೊಂಬೆ ಉಸಿರಾಡ್ತಿದೆ!” ಎಂದು ಕೂಗಿತು. ಅದರ ಅಮ್ಮ ನೋಡಿ, “ಬೊಂಬೆ ಅಲ್ಲ ಕಣೇ, ಆಂಟಿ. ಬಾ, ಹಾಗೆಲ್ಲ ನೋಡಬಾರದು” ಎಂದು ಎಳೆದುಕೊಂಡು ಹೋದರು. ನನಗೆ ನಗು ಬಂತು. ಅಷ್ಟರಲ್ಲಿ ಹಾಲೂ ಉಕ್ಕಿತು. ಯಾರಿಗಾದರೂ ಹೇಳಿ ನಗೋಣ ಎಂದು ಆ ದಡ ನೋಡಿದರೆ ನಿನ್ನ ಕೋಣೆಗೆ ಬೀಗ.

ದೋಣಿ ಬರುವುದು ನಿಂತರೂ ತಿಂಗಳಿಗೊಮ್ಮೆ ಸೇತುವೆಯ ನಡುವೆ ಬಂದು ಸೇರುವ ಎರಡೂ ರೆಕ್ಕೆಗಳನ್ನು, ದೋಣಿಗೆ ದಾರಿ ಬಿಡುತ್ತಿದ್ದ ಹಾಗೆಯೇ, ಎತ್ತಿ ಇಳಿಸಲೇಬೇಕಂತೆ. ಇಲ್ಲದಿದ್ದರೆ ಕಬ್ಬಿಣ ಕಚ್ಚಿಕೊಳ್ಳುತ್ತದೆ, ರಕ್ಷಣೆ ಮಾಡಿಯೂ ಪ್ರಯೋಜನವಿಲ್ಲ ಎನ್ನುತ್ತಾರೆ. ಒಬ್ಬಳೇ ಎರಡು ದಡದಲ್ಲಿ ನಿಲ್ಲಲಾಗುವುದಿಲ್ಲವಲ್ಲ. ಅದಕ್ಕೆ ಆ ಕಡೆಗೆ ತಾತ್ಕಾಲಿಕವಾಗಿ ಒಬ್ಬರನ್ನು ಕಳಿಸುತ್ತಾರಂತೆ. ಕೆಲಸದ ಪಟ್ಟಿಯಿಂದ ನಿನ್ನ ಹೆಸರು ಇನ್ನೂ ತೆಗೆದಿಲ್ಲ, ರಜೆ ಎಂದೇ ಇದೆ.

ನೀನು ಎಲ್ಲಿ ಮಲಗುತ್ತೀಯ? ಅಡುಗೆ ಯಾರು ಮಾಡುತ್ತಾರೆ? ಕೆಲಸ ಕಷ್ಟವಾ? ಎಲ್ಲಾ ಬರಿ.

ನಿನ್ನ ತಂಗಿ

ಬರೆಯುವುದು ಮರೆತಿದ್ದೆ. ನನ್ನ ಕಡೆಯ ಕೈಚಕ್ರ ತಿರುಗಿಸುವಾಗ ಕಿರುಗುಟ್ಟುತ್ತದೆ.


ಫೆಬ್ರವರಿ 8

ಗುಬ್ಬಿಗೆ,

ಪತ್ರ ತಲುಪಿತು. ನಾನು ಕ್ಷೇಮ.

ಕೈಚಕ್ರದ ವಿಷಯ. ಕಿರುಗುಟ್ಟುವುದು ಚಕ್ರವಲ್ಲ, ಅದರ ಹಿಂದೆ ಗೋಡೆಯೊಳಕ್ಕೆ ಹೋಗುವ ದಂಡ. ಮೊದಲು ಮುಚ್ಚಳದ ಎರಡು ಸ್ಕ್ರೂ ಬಿಚ್ಚು. ಎಡಗಡೆಯದು ಮೊಂಡು, ಬಲಪ್ರಯೋಗ ಮಾಡಬೇಡ, ಒಂದು ತೊಟ್ಟು ಸೀಮೆಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಿ. ಒಳಗಿನ ಹಳೇ ಗ್ರೀಸು ಕಪ್ಪಾಗಿ ಗಟ್ಟಿಯಾಗಿರುತ್ತದೆ. ಕಡ್ಡಿಗೆ ಬಟ್ಟೆ ಸುತ್ತಿ ಅದನ್ನು ಪೂರ್ತಿ ತೆಗೆ. ತೆಗೆಯದೆ ಮೇಲೆ ಹೊಸ ಗ್ರೀಸು ಮೆತ್ತಿದರೆ ಅಪ್ಪ “ಸ್ನಾನ ಮಾಡದೆ ಸೆಂಟು ಹೊಡ್ಕೊಂಡ ಹಾಗೆ” ಎನ್ನುತ್ತಿದ್ದ. ಹೊಸ ಗ್ರೀಸು ಬೆರಳಲ್ಲೇ ಹಚ್ಚು, ಬ್ರಷ್ಷು ಒಳಗೆ ಹೋಗುವುದಿಲ್ಲ. ಹಚ್ಚಿದ ಮೇಲೆ ಚಕ್ರವನ್ನು ಭಾರವಿಲ್ಲದೆ ಮುಂದೆ ಹಿಂದೆ ಆಡಿಸು. ಮುಚ್ಚಳ ಹಾಕುವಾಗ ಅಡಿಯ ಚರ್ಮದ ಬಳೆ ತಿರುಚಿಕೊಳ್ಳದ ಹಾಗೆ ನೋಡಿಕೋ. ಅದು ಹರಿದರೆ ಬೇರೆ ಸಿಗುವುದಿಲ್ಲ.

ಆಮೇಲೂ ಸದ್ದು ಬಂದರೆ ತಿಳಿಸು.

ಅಣ್ಣ


ಫೆಬ್ರವರಿ 24

ಅಣ್ಣಾ,

ನೀನು ಹೇಳಿದ ಹಾಗೆಯೇ ಮಾಡಿದೆ. ಸದ್ದು ನಿಂತಿತು. ಎಡಗಡೆಯ ಸ್ಕ್ರೂ ನಿನ್ನ ಹಾಗೇ, ಸಾಕಾಗುವಷ್ಟು ಕಾಯಿಸಿ ಆಮೇಲೆ ತಾನಾಗಿಯೇ ಬಂತು.

ನಿನ್ನ ಕೋಣೆಗೆ ಹೊಸಬರು ಬಂದರು. ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ನಾನು ಕಂಡಕ್ಟರ್ ಮಾವ ಎನ್ನುತ್ತೇನೆ. ಮನೆಯಲ್ಲಿ ಸೊಸೆ ಟೀವಿ ಸದ್ದು ಜೋರಾಗಿ ಇಡುತ್ತಾಳೆ, ಅದಕ್ಕೇ ಈ ಕೆಲಸಕ್ಕೆ ಬಂದೆ ಎಂದರು. ಆದರೆ ಅವರ ಗಂಟಲಿನ ಮುಂದೆ ಯಾವ ಟೀವಿಯೂ ಇಲ್ಲ.

ಮೊದಲ ಸಲ ಎತ್ತುವ ದಿನ ನಾನು ಎಂದಿನಂತೆ ಸ್ಪ್ಯಾನರಿನಿಂದ ಸೇತುವೆಯ ಕಂಬಿಗೆ ಟಕ್ ಟಕ್ ಎಂದು ತಟ್ಟಿದೆ. ನನಗೆ ಕೂಗಲು ಬರುವುದಿಲ್ಲವೆಂದು ಅಪ್ಪ ಮಾಡಿದ ಏರ್ಪಾಡಲ್ಲವೇ ಅದು, ಅವರಿಗೇನು ಗೊತ್ತು? ಆ ದಡದಿಂದ ಕೂಗಿದರು, “ಯಾಕಮ್ಮಾ ಬಾಗ್ಲು ತಟ್ತೀಯಾ? ತೆಗೆದೇ ಇದೆ, ಒಳಗೆ ಬಾ!” ಆಮೇಲೆ ಜೇಬಿನಿಂದ ವಿಸಿಲ್ ತೆಗೆದು ಊದಿ, “ರೈಟ್, ರೈಟ್!” ಎಂದು ಚಕ್ರ ತಿರುಗಿಸತೊಡಗಿದರು. ನಾನಿನ್ನೂ ರೆಕ್ಕೆಯನ್ನು ಹಿಡಿದಿಡುವ ಪಿನ್ನು ಎಳೆದಿರಲಿಲ್ಲ. ಓಡಿ ಹೋಗಿ ಎಳೆದೆ. ರೆಕ್ಕೆ ಅರ್ಧ ಎದ್ದಾಗ ಅಡ್ಡಗಂಬದ ಹತ್ತಿರ ಸೈಕಲಿನವನೊಬ್ಬ ನುಗ್ಗಿ ಬಂದ. ಮಾವ “ಹೋಲ್ಡಾನ್!” ಎಂದು ಅರಚಿದ್ದಕ್ಕೆ ಅವನು ಸೈಕಲ್ಲಿನಿಂದ ಬಿದ್ದೇ ಬಿಟ್ಟ. ನೋಡಲು ನಿಂತ ಜನಕ್ಕೆ, “ಬಾಗ್ಲಲ್ಲಿ ನಿಲ್ಬೇಡ್ರೀ, ಒಳಗೆ ಹೋಗ್ರೀ, ಹಿಂದೆ ಇಡೀ ಬಸ್ಸು ಖಾಲಿ ಇದೆ!” ಎಂದರು. ಒಳಗೆ ಎಂದರೆ ಹೊಳೆ.

ರೆಕ್ಕೆಗಳು ಪೂರ್ತಿ ಎದ್ದ ಮೇಲೆ ಆ ಕಡೆಯವರು ಈ ಕಡೆಯವರಿಗೆ ಕಾಣುವುದಿಲ್ಲವಲ್ಲ, ಆಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಮುಗಿದ ಮೇಲೆ ಸುತ್ತಲೂ ನೋಡಿದೆ. ಯಾರೂ ಇರಲಿಲ್ಲ.

ನೀನು ಅಲ್ಲಿ ಯಾರ ಜೊತೆ ನಗುತ್ತೀಯ? ನನ್ನ ಹಿಂದಿನ ಪತ್ರದಲ್ಲಿ ಕೆಲವು ಕೇಳಿದ್ದೆ. ಅವನ್ನು ನೀನು ಓದುವಾಗ ಬಿಟ್ಟುಬಿಟ್ಟೆ ಎಂದು ಕಾಣುತ್ತದೆ. ಇನ್ನೊಮ್ಮೆ ಓದು.

ನಿನ್ನ ತಂಗಿ


ಏಪ್ರಿಲ್ 2

ಅಣ್ಣಾ,

ಮಾರ್ಚ್ ತಿಂಗಳಿಡೀ ನಿನ್ನ ಪತ್ರವಿಲ್ಲ. ಅಂಚೆಯವನು ಈಗ ನನ್ನ ಬಾಗಿಲ ಬಳಿ ಸೈಕಲ್ ನಿಲ್ಲಿಸುವುದಿಲ್ಲ. ನಾನು ಹೊಸ್ತಿಲಲ್ಲಿ ನಿಂತಿದ್ದರೆ ದೂರದಿಂದಲೇ ಕೈ ಅಲ್ಲಾಡಿಸಿಬಿಡುತ್ತಾನೆ. ನಿಂತಿರುವುದು ಅವನಿಗಾಗಿ ಅಲ್ಲವೆಂದು ತೋರಿಸಲು ನಾನು ಪೊರಕೆ ಹಿಡಿದುಕೊಂಡು ನಿಲ್ಲುತ್ತೇನೆ. ಹೊಸ್ತಿಲು ತುಂಬಾ ಸ್ವಚ್ಛವಾಗಿದೆ.

ಮೊಳೆಯ ಅರ್ಜಿಗೆ ಉತ್ತರ ಬಂತು. ಯಾವ ಕಾಲದ ಮೊಳೆ ಎಂದು ಕೇಳಿದ್ದಾರೆ.

ನಿನಗೆ ಹುಷಾರಿದೆಯಾ? ಅಷ್ಟನ್ನಾದರೂ ತಿಳಿಸು.

ಇನ್ನೊಂದು ವಿಷಯ. ನನ್ನ ಕಡೆಯ ಚೈನು ಸಡಿಲವಾದ ಹಾಗಿದೆ.

ನಿನ್ನ ತಂಗಿ


ಏಪ್ರಿಲ್ 5

ಗುಬ್ಬಿಗೆ,

ಪತ್ರ ಈಗ ತಾನೇ ಬಂತು. ನಾನು ಕ್ಷೇಮ.

ಚೈನು ಸಡಿಲವೆಂದರೆ ಎಷ್ಟು? ಬರೆಯಬೇಕಾಗಿತ್ತು. ರೆಕ್ಕೆ ಕೆಳಗಿರುವಾಗ ಕೈಯಲ್ಲಿ ಒತ್ತಿ ನೋಡು. ಒಂದು ಬೆರಳು ಒಳಗೆ ಹೋದರೆ ಸರಿ, ನಾಲ್ಕು ಬೆರಳು ಹೋದರೆ ತಪ್ಪು. ತಪ್ಪಿದ್ದರೆ ಹಿಂದಿನ ಹಲ್ಲುಗಾಲಿಯ ಬುಡದಲ್ಲಿ ಒಂದು ನಟ್ಟಿದೆ, ಅರ್ಧ ಸುತ್ತು ಬಿಗಿ ಮಾಡು. ಅರ್ಧವೇ. ಮತ್ತೆ ಒತ್ತಿ ನೋಡು, ಸಾಲದಿದ್ದರೆ ಇನ್ನರ್ಧ. ಒಂದೇ ಸಲ ಬಿಗಿದರೆ ಮಳೆಗಾಲದಲ್ಲಿ ಚೈನು ಅಳುತ್ತದೆ. ಕೊಂಡಿಗಳನ್ನೂ ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡು, ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಆ ಹೊತ್ತಿನಲ್ಲಿ ಕಂಡಕ್ಟರು ಚಕ್ರ ಮುಟ್ಟಬಾರದು, ಖಂಡಿತವಾಗಿ ಹೇಳು. ಕೈ ಒಳಗೆ ಹಾಕುವ ಮುಂಚೆ ಪಿನ್ನು ಹಾಕಿದೆಯಾ ಎಂದು ಎರಡು ಸಲ ನೋಡು. ನಿನಗೆ ಮರೆವು ಜಾಸ್ತಿ.

ಏನಾಯಿತೆಂದು ಕೂಡಲೇ ತಿಳಿಸು.

ಅಣ್ಣ


ಏಪ್ರಿಲ್ 8

ಅಣ್ಣಾ,

ಈ ಪತ್ರವನ್ನು ನಾನು ಅಂಚೆಗೆ ಹಾಕುವುದಿಲ್ಲ. ಹಾಕುವುದಿಲ್ಲವಾದ್ದರಿಂದ ನಿಜ ಬರೆಯುತ್ತೇನೆ.

ಚೈನು ಸಡಿಲವಾಗಿಲ್ಲ. ಅದಕ್ಕೆ ಏನೂ ಆಗಿಲ್ಲ.

ಕಿರುಗುಟ್ಟಿದ್ದಕ್ಕೆ ನೀನು ಕೂಡಲೇ ಬರೆದೆ. ಹೇಗಿದ್ದೀಯ ಎಂದು ಕೇಳಿದ್ದಕ್ಕೆ ಬರೆಯಲಿಲ್ಲ. ನನಗೆ ಓದು ಕಡಿಮೆ, ಆದರೆ ಇಷ್ಟು ತಿಳಿಯುತ್ತದೆ. ಮೊದಲ ನೀಲಿ ಫಲಕ ಹೊಡೆದ ದಿನ ನೀನು, “ನಡಿ, ಇಬ್ಬರೂ ಹೋಗೋಣ, ನಾವೇನು ಸಾಮಾನಾ ಇವರ ಪಟ್ಟಿಗೆ ಸೇರೋಕೆ” ಎಂದೆ. ನಾನು ಬರುವುದಿಲ್ಲ ಎಂದೆ. “ಹಾಗಾದ್ರೆ ಈ ಕಬ್ಬಿಣನೇ ನೋಡ್ಕೊಂಡಿರು” ಎಂದು ಹೋದೆ. ಅದಕ್ಕೇ ಈಗ ಕಬ್ಬಿಣದ ವಿಷಯ ಮಾತ್ರ ಬರೆಯುತ್ತೀಯ.

ಆದರೂ ನೀನು ಬರೆದದ್ದನ್ನೆಲ್ಲ ನಾನು ಮಾಡಿದೆ. ಪಿನ್ನು ಹಾಕಿದೆಯಾ ಎಂದು ಎರಡು ಸಲ ನೋಡಿದೆ. ಕೊಂಡಿಗಳನ್ನು ಒಂದೊಂದಾಗಿ ಮುಟ್ಟಿದೆ. ಬಿಗಿ ಮಾಡುವಂಥದ್ದೇನೂ ಇಲ್ಲದಿದ್ದರೂ ನಟ್ಟಿನ ಮೇಲೆ ಸ್ಪ್ಯಾನರ್ ಇಟ್ಟು ಸುಮ್ಮನೆ ಹಿಡಿದುಕೊಂಡಿದ್ದೆ. ನೀನು ಪಕ್ಕದಲ್ಲೇ ಕೂತು “ಅರ್ಧವೇ, ಅರ್ಧವೇ” ಎಂದು ಬೈಯುತ್ತಿದ್ದ ಹಾಗಿತ್ತು. ಆ ಮಧ್ಯಾಹ್ನ ಬೇಗ ಕಳೆಯಿತು.

ಮುಂದಿನ ಸಲ ಬೋಲ್ಟುಗಳಿಗೆ ತುಕ್ಕು ಎಂದು ಬರೆಯುತ್ತೇನೆ. ಅದಾದ ಮೇಲೆ ರೆಕ್ಕೆಯ ಹಿಂದಿನ ಗುಂಡಿಯಲ್ಲಿ ನೀರು. ಸೇತುವೆ ದೊಡ್ಡದು. ಕೆಡಲು ಬೇಕಾದಷ್ಟಿದೆ.

ನಿನ್ನ ತಂಗಿ


ಮೇ 14

ಅಣ್ಣಾ,

ಬೋಲ್ಟುಗಳಿಗೆ ನೀನು ಹೇಳಿದ ಎಣ್ಣೆಯನ್ನೇ ಬಿಟ್ಟೆ. ಗುಂಡಿಯ ನೀರನ್ನೂ ಬಕೆಟ್ಟಿನಲ್ಲಿ ಎತ್ತಿ ಹಾಕಿದೆ. ನಿನ್ನ ನಾಲ್ಕು ಪತ್ರಗಳೂ ನನ್ನ ಹತ್ತಿರ ಜೋಪಾನವಾಗಿವೆ. ಕೊನೆಯದರಲ್ಲಿ ಬಕೆಟ್ಟಿನ ಚಿತ್ರ ಬರೆದಿದ್ದೆಯಲ್ಲ, ಅದು ನನಗೆ ಬಹಳ ಇಷ್ಟವಾಯಿತು. ಬಕೆಟ್ ಹೇಗಿರುತ್ತದೆಂದು ನನಗೆ ಗೊತ್ತಿತ್ತು.

ಕಂಡಕ್ಟರ್ ಮಾವ ಈಗ ಸುಧಾರಿಸಿದ್ದಾರೆ. ನಾನು ತಟ್ಟುವವರೆಗೆ ಕಾಯುತ್ತಾರೆ. ಆದರೆ ತಟ್ಟಿದ ಮೇಲೂ ಒಂದು ಸಲ ವಿಸಿಲ್ ಊದದಿದ್ದರೆ ಅವರಿಗೆ ಊಟ ಸೇರುವುದಿಲ್ಲವಂತೆ.

ಈಗ ಒಂದು ತೊಂದರೆ. ನನ್ನ ಕಡೆ ರೆಕ್ಕೆಯ ಹಿಂದೆ ಗುಂಡಿಯಲ್ಲಿ ತೂಗುವ ತೂಕದ ಕಲ್ಲಿದೆಯಲ್ಲ, ಅದರಲ್ಲಿ ಒಂದು ಬಿರುಕು ಬಿಟ್ಟಿದೆ. ಮೇಲಿನಿಂದ ಕೆಳಗೆ, ಕೂದಲಿನಷ್ಟು. ಇದಕ್ಕೆ ಏನು ಹಚ್ಚಬೇಕು?

ನಿನ್ನ ತಂಗಿ


ಮೇ 17

ಗುಬ್ಬಿ,

ಇದನ್ನು ಓದಿದ ಕೂಡಲೇ ಆ ಗುಂಡಿಗೆ ಇಳಿಯುವುದನ್ನು ನಿಲ್ಲಿಸು. ಬಿರುಕಿಗೆ ಹಚ್ಚುವುದು ಯಾವುದೂ ಇಲ್ಲ. ರೆಕ್ಕೆಯ ಅಷ್ಟೂ ಭಾರವನ್ನು ಹಿಡಿದಿರುವುದು ಆ ಕಲ್ಲು. ಅದು ಒಡೆದರೆ ಚಕ್ರ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಸುತ್ತುತ್ತದೆ, ಎದುರು ನಿಂತವರು ಉಳಿಯುವುದಿಲ್ಲ. ಇಂಥದ್ದನ್ನು ಚೈನಿನ ಹಾಗೆ, ಬೋಲ್ಟಿನ ಹಾಗೆ ಬರೆಯುತ್ತೀಯಲ್ಲ!

ಮೊದಲು ಕಿರುಗುಟ್ಟಿತು, ಆಮೇಲೆ ಚೈನು, ತುಕ್ಕು, ನೀರು, ಈಗ ಇದು. ಒಂದರ ಹಿಂದೆ ಒಂದು ಬರುತ್ತಿದೆ ಎಂದರೆ ಇಡೀ ಸೇತುವೆ ಕುಸಿಯುತ್ತಿದೆ ಎಂದೇ ಅರ್ಥ. ನಾನು ಮೊದಲೇ ತಿಳಿದುಕೊಳ್ಳಬೇಕಿತ್ತು. ನೀನು ಆ ಕಲ್ಲಿನ ಕೆಳಗೆ ಕೂತು ಗ್ರೀಸು ಹಚ್ಚುವುದು ಕಣ್ಣಿಗೆ ಕಟ್ಟಿ ನಿನ್ನೆ ಕೆಲಸದಲ್ಲಿ ಎರಡು ತಂತಿ ಅದಲು ಬದಲು ಮಾಡಿದೆ. ಮೇಸ್ತ್ರಿ ಮನೆಗೆ ಕಳಿಸಿದ.

ಕಚೇರಿಗೆ ಎಲ್ಲವನ್ನೂ ಬರೆದಿದ್ದೇನೆ. ಸೇತುವೆ ಮುಚ್ಚಿ, ಒಬ್ಬ ಹುಡುಗಿಯ ಜೀವ ಹೋಗುವವರೆಗೆ ಕಾಯಬೇಡಿ ಎಂದು ಬರೆದಿದ್ದೇನೆ. ಈ ಪತ್ರದ ಜೊತೆಯಲ್ಲೇ ಅದನ್ನೂ ಡಬ್ಬಿಗೆ ಹಾಕುತ್ತೇನೆ.

ಚಕ್ರ ಮುಟ್ಟಬೇಡ.

ಅಣ್ಣ


ಮೇ 20

ಅಣ್ಣಾ,

ಕಚೇರಿಗೆ ಬರೆದದ್ದನ್ನು ವಾಪಸು ತೆಗೆದುಕೋ. ದಯವಿಟ್ಟು. ಬಿರುಕು ಇಲ್ಲ.

ತಂಗಿ


ಜೂನ್ 10

ಅಣ್ಣಾ,

ನನ್ನ ಚೀಟಿ ನಿನಗೆ ಸಿಕ್ಕಿತೋ ಇಲ್ಲವೋ. ಸಿಕ್ಕಿದರೂ ನಿನ್ನನ್ನು ಸಮಾಧಾನ ಮಾಡಲು ಹಾಗೆ ಬರೆದೆ ಎಂದುಕೊಂಡಿರಬೇಕು. ಇಲ್ಲಿ ಕಚೇರಿಯವರು ಹಾಗೇ ಅಂದುಕೊಂಡರು.

ನಾಲ್ಕು ಜನ ಬಂದರು. ಎರಡೂ ಕಡೆ ಕೆಂಪು ಪಟ್ಟಿ ಕಟ್ಟಿ ಸೇತುವೆ ಮುಚ್ಚಿದರು. ಆ ದಡದ ಜನ ಈಗ ಕೆಲಸಕ್ಕೆ ದೂರದ ಹೊಸ ಸೇತುವೆ ಸುತ್ತಿ ಹೋಗುತ್ತಾರೆ, ನನ್ನ ಕಿಟಕಿ ದಾಟುವಾಗ ಗೊಣಗುತ್ತಾರೆ. ಇಂಜಿನಿಯರು ಗುಂಡಿಯೊಳಗೆ ಮೇಲಿನಿಂದಲೇ ಟಾರ್ಚ್ ಬಿಟ್ಟು ನೋಡಿ, “ಗೆರೆ ಇರೋ ಹಾಗಿದೆ” ಎಂದರು. ಆ ಕಲ್ಲಿನ ಮೇಲೆ ನೀರು ಇಳಿದ ಗೆರೆಗಳು ನಾವು ಚಿಕ್ಕವರಿದ್ದಾಗಿನಿಂದ ಇವೆ.

ನಾನು ಧೈರ್ಯ ಮಾಡಿ ಅವರ ಹತ್ತಿರ ಹೋಗಿ, ಬಿರುಕು ಇಲ್ಲ ಸಾರ್, ನಾನೇ ಸುಳ್ಳು ಬರೆದೆ ಎಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ.

“ಯಾಕಮ್ಮ ಸುಳ್ಳು ಬರೀತೀಯ?” ಎಂದು ಕೇಳಿದರು.

ಯಾಕೆ ಎಂದು ಅಷ್ಟು ಜನರ ಮುಂದೆ ಹೇಗೆ ಹೇಳಲಿ?

“ನೋಡಮ್ಮ, ಇರೋ ಜಾಗ ಹೋಗುತ್ತೆ ಅಂತ ಹೆದರಿಕೊಂಡು ಹೀಗೆ ಹೇಳ್ತಿದ್ದೀಯ. ನಂಗರ್ಥ ಆಗುತ್ತೆ. ಆದ್ರೆ ನಿಮ್ಮಣ್ಣ ಈ ಸೇತುವೇನ ಅಂಗೈ ಗೆರೆ ಥರ ಬಲ್ಲವನು. ಅವನೇ ಬರೆದ ಮೇಲೆ ನಾನು ಯಾರ ಮಾತು ನಂಬ್ಲಿ?” ಎಂದರು.

ಜುಲೈ 12ಕ್ಕೆ ಕೊನೆಯ ತಪಾಸಣೆ. ಬಿರುಕು ಇದೆ ಎಂದಾದರೆ ಎರಡೂ ರೆಕ್ಕೆಗಳನ್ನು ನಡುವೆ ಬೆಸುಗೆ ಹಾಕಿ ಶಾಶ್ವತವಾಗಿ ಕೂರಿಸಿಬಿಡುತ್ತಾರೆ. ಆಮೇಲೆ ಅದನ್ನು ಎತ್ತುವವರು ಯಾರೂ ಬೇಕಾಗುವುದಿಲ್ಲ. ನನ್ನ ಕೋಣೆಯಲ್ಲೂ ನಿನ್ನ ಕೋಣೆಯಲ್ಲೂ ಕಾವಲುಗಾರರ ಬೊಂಬೆ ಕೂರಿಸಿ ಜನರಿಗೆ ತೋರಿಸುತ್ತಾರಂತೆ. ಕಂಡಕ್ಟರ್ ಮಾವ, “ನನ್ನ ಬೊಂಬೆ ಮಾಡೋದಾದ್ರೆ ತಲೇಲಿ ಒಂದಿಷ್ಟು ಕೂದಲು ಹಾಕಿಸಿ ಸಾರ್” ಎಂದರು. ಯಾರೂ ನಗಲಿಲ್ಲ. ಅವರು ಆಮೇಲೆ ವಿಸಿಲ್ಲಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತರು.

ನನ್ನನ್ನು ಎಲ್ಲಿಗೆ ಕಳಿಸುತ್ತಾರೋ ಗೊತ್ತಿಲ್ಲ. ಈ ಕೆಲಸ ಬಿಟ್ಟು ಬೇರೆ ಕೆಲಸ ನನಗೆ ಬರುವುದಿಲ್ಲ.

ನೀನು ಬಂದು ನೋಡು. ನೀನು ಇಲ್ಲ ಎಂದರೆ ಮಾತ್ರ ನಂಬುತ್ತಾರೆ.

ತಂಗಿ


ಜೂನ್ 22

ಗುಬ್ಬಿಗೆ,

12ರಂದು ಬೆಳಗಿನ ಬಸ್ಸಿಗೆ ಬರುತ್ತೇನೆ. ಅಪ್ಪನ ಸಣ್ಣ ಸುತ್ತಿಗೆ ಇದ್ದರೆ ತೆಗೆದಿಡು.

ಅಣ್ಣ


ಜುಲೈ 16

ಅಣ್ಣಾ,

ನೀನು ತಲುಪಿರಬೇಕು.

12ರಂದು ಏನಾಯಿತೆಂದು ನಿನಗೆ ಗೊತ್ತು. ಆದರೆ ಹೊಳೆಯ ಈ ದಡದಲ್ಲಿ ಏನಾಯಿತೆಂದು ನಿನಗೆ ಅರ್ಧ ಮಾತ್ರ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಬಸ್ಸಿಳಿದು ಆ ಕಡೆಯ ಕೆಂಪು ಪಟ್ಟಿ ಎತ್ತಿ ಬಗ್ಗಿ ಬಂದಾಗ ಮೊದಲು ಗುರುತು ಸಿಗಲಿಲ್ಲ. ತೆಳ್ಳಗಾಗಿದ್ದೀಯ. ಅಂಗಿಯ ಮೇಲೆ ಯಾವುದೋ ಕಂಪನಿಯ ಹೆಸರಿತ್ತು. ಸೇತುವೆಯ ನಡುವೆ ಬಂದಾಗ, ನಿನ್ನ ರೆಕ್ಕೆಯನ್ನು ನನ್ನದಕ್ಕೆ ಸಿಕ್ಕಿಸುವ ಕಬ್ಬಿಣದ ನಾಲಿಗೆ ಕೂರುವ ಜಾಗವನ್ನು ಕಾಲಿನಲ್ಲಿ ಒತ್ತಿ ನೋಡಿದೆ. ಆಗ ನೀನೇ ಎಂದು ಗೊತ್ತಾಯಿತು.

ಇಂಜಿನಿಯರು ಪಕ್ಕದಲ್ಲೇ ಇದ್ದುದರಿಂದ ನಾವು ಏನೂ ಮಾತಾಡಲಿಲ್ಲ. ಅವರು ಇಲ್ಲದಿದ್ದರೂ ಆಡುತ್ತಿದ್ದೆವೋ ಇಲ್ಲವೋ. ನಾನು ಸುತ್ತಿಗೆ ಕೊಟ್ಟೆ. ಗುಂಡಿಗೆ ನೀನು ಮುಂದೆ ಇಳಿದೆ, ನಾನು ಟಾರ್ಚ್ ಹಿಡಿದು ಹಿಂದೆ ಇಳಿದೆ. ಬೆಳಕು ಕಲ್ಲು ಬಿಟ್ಟು ನಿನ್ನ ಮುಖದ ಕಡೆಗೇ ಹೋಗುತ್ತಿತ್ತು. “ನೆಟ್ಟಗೆ ಹಿಡಿ” ಎಂದೆ ನೀನು. ಆ ದಿನ ನೀನು ನನಗೆ ಹೇಳಿದ ಮಾತು ಅದೊಂದೇ.

ಬಿರುಕು ಎಲ್ಲಿದೆ ಎಂದು ನೀನು ನನ್ನನ್ನು ಕೇಳಲಿಲ್ಲ. ಮೇಲಿನ ಮೂಲೆಯಿಂದ ಶುರುಮಾಡಿ ಇಷ್ಟಿಷ್ಟೇ ತಟ್ಟುತ್ತಾ, ಕಿವಿ ಕೊಟ್ಟು ಕೇಳುತ್ತಾ ಕೆಳಗೆ ಬಂದೆ. ಎಲ್ಲಾ ಕಡೆ ಒಂದೇ ಸದ್ದು, ಗಂಟೆಯ ಹಾಗೆ. ಕಲ್ಲಿನ ಅರ್ಧಕ್ಕೆ ಬರುವಷ್ಟರಲ್ಲಿ ನಿನಗೆ ಗೊತ್ತಾಗಿತ್ತು. ನಿನ್ನ ಬೆನ್ನು ನೋಡಿ ನನಗೆ ತಿಳಿಯಿತು. ಆದರೂ ನೀನು ಕೊನೆಯವರೆಗೂ ತಟ್ಟಿದೆ. ಮುಗಿದ ಮೇಲೆ ಚೈನನ್ನು ಒತ್ತಿ ನೋಡಿದೆ, ಬೋಲ್ಟುಗಳ ಮೇಲೆ ಬೆರಳಾಡಿಸಿದೆ. ನಾನು ಬರೆದ ಸುಳ್ಳುಗಳನ್ನೆಲ್ಲ ಒಂದೊಂದಾಗಿ ಮುಟ್ಟುತ್ತಾ ಹೋದೆ. ನಾನು ಟಾರ್ಚನ್ನು ನೆಟ್ಟಗೇ ಹಿಡಿದಿದ್ದೆ.

ಮೇಲಿನಿಂದ ಇಂಜಿನಿಯರು ಕೂಗಿದರು, “ಏನಪ್ಪಾ, ಸಿಕ್ತಾ ನೀನು ಬರೆದ ಬಿರುಕು?”

“ಇಲ್ಲ ಸಾರ್. ನಾನು ತಪ್ಪು ಬರೆದೆ.”

“ತಪ್ಪು ಅಂದ್ರೆ? ಯಾರು ಹೇಳಿದ್ರು ನಿಂಗೆ? ನಿನ್ನ ತಂಗಿ ಅಂದಿದ್ದು ನಿಜಾನಾ?”

ನಾನು ಬಾಯಿ ತೆರೆದೆ. ನೀನು ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು ಆರಿಸಿಬಿಟ್ಟೆ.

ಕತ್ತಲೆಯಲ್ಲಿ ನಿನ್ನ ದನಿ ಕೇಳಿತು, “ಯಾರೂ ಹೇಳಲಿಲ್ಲ ಸಾರ್. ನನಗೇ ಹಾಗನ್ನಿಸ್ತು.”

“ಅನ್ನಿಸ್ತಂತೆ! ನಿನಗೆ ಅನ್ನಿಸಿದ್ದಕ್ಕೆ ನಾವು ಇಷ್ಟು ದಿನ ಸೇತುವೆ ಮುಚ್ಚಿ ಜನರ ಹತ್ರ ಬೈಸ್ಕೊಂಡ್ವಿ. ರಜೆ ಹಾಕಿ ಎಲ್ಲೋ ಕೂತ್ಕೊಂಡು, ಕನಸು ಬಿತ್ತು ಅಂತ ಕಾಗದ ಬರೀತೀಯಾ?”

ನೀನು ಮೇಲೆ ಹತ್ತಿ ಹೋಗಿ ಕೈ ಕಟ್ಟಿಕೊಂಡು ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ನನ್ನ ದನಿ ಗುಂಡಿಯಲ್ಲೇ ಉಳಿಯಿತು. ಇಂಥವನನ್ನು ನಂಬಿ ಕೆಲಸ ಕೊಡಲಾಗದು ಎಂದು ಅಲ್ಲೇ ನಿನ್ನ ಹೆಸರು ತೆಗೆದರು. ಆ ದಡ ಇನ್ನು ಮೇಲೆ ಕಂಡಕ್ಟರ್ ಮಾವನದು. ಅವರಿಗೆ ಖುಷಿಯಾಗಬೇಕಿತ್ತು. “ನಂಗ್ಯಾಕೋ ಇದು ಇನ್ನೊಬ್ಬರ ಸೀಟಲ್ಲಿ ಕೂತ ಹಾಗಿದೆ” ಎಂದರು.

ಕೊನೆಗೆ ಎತ್ತಿ ತೋರಿಸಿ ಎಂದಾಗ ನೀನು ಆ ಕಡೆ ಹೋದೆ. ನಾನು ತಟ್ಟಿದೆ. ನೀನೂ ತಟ್ಟಿದೆ. ನಾಲಿಗೆ ಬಿಡಿಸಿಕೊಂಡ ಮೇಲೆ ಕಬ್ಬಿಣಕ್ಕೆ ಕಬ್ಬಿಣ ತಾಗುವುದಿಲ್ಲ, ಸದ್ದು ದಾಟುವುದಿಲ್ಲ. ಆಮೇಲೆ ನೀನು ಎಷ್ಟು ಜೋರಾಗಿ ತಿರುಗಿಸುತ್ತೀಯ ಎಂದು ನನಗೆ ತಿಳಿಯುವ ದಾರಿಯೇ ಇಲ್ಲ. ರೆಕ್ಕೆ ಎದ್ದು ನೀನು ಮರೆಯಾದೆ. ಇಳಿಸುವಾಗ ನನ್ನ ಕೈ ಸೋತು ನಿಧಾನವಾಯಿತು. ಕೆಳಗೆ ಬಂದಾಗ ನೋಡಿದರೆ ನಿನ್ನ ರೆಕ್ಕೆಯೂ ಅಷ್ಟೇ ನಿಧಾನವಾಗಿ ಇಳಿಯುತ್ತಿತ್ತು. ನಾಲಿಗೆ ಒಂದೇ ಸಲಕ್ಕೆ ಕೂತಿತು. ಇಂಜಿನಿಯರು ಪಟ್ಟಿ ಬಿಚ್ಚಿಸಿದರು. ಬೆಸುಗೆಯ ಮಾತು ಅಲ್ಲಿಗೆ ಮುಗಿಯಿತು.

ನಾನು ಕೋಣೆಗೆ ಬಂದು ಎರಡು ತಟ್ಟೆ ಇಟ್ಟೆ. ಬೆಳಿಗ್ಗೆಯೇ ಇಬ್ಬರಿಗೂ ಅಡುಗೆ ಮಾಡಿದ್ದೆ. ನೀನು ದಾಟಿ ಬರುತ್ತೀಯ ಎಂದು ಬಾಗಿಲು ತೆರೆದಿಟ್ಟು ಕೂತೆ. ಬಸ್ಸಿನ ಹಾರ್ನ್ ಕೇಳಿತು. ಅದು ಹೊರಡುವಾಗ ಹೊಡೆಯುವ ಹಾರ್ನ್ ಎಂದು ನನಗೆ ಗೊತ್ತಿತ್ತು. ಆದರೂ ತಟ್ಟೆ ತೆಗೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಸಂಜೆ ಕಂಡಕ್ಟರ್ ಮಾವ ಈ ಕಡೆ ಬಂದು ಹೊಸ್ತಿಲಲ್ಲಿ ಕೂತರು. “ನಿಮ್ಮಣ್ಣ ಮಾತಾಡೋದು ಪ್ಯಾಸೆಂಜರ್ ಟಿಕೆಟ್ ಕೇಳಿದ ಹಾಗೆ ಕಣಮ್ಮ. ಎಲ್ಲಿಗೆ ಅಂತ ಹೇಳಿ ಮುಗಿಸಿಬಿಡ್ತಾನೆ” ಎಂದರು. ನೀನು ಏನಾದರೂ ಹೇಳಿದೆಯಾ ಎಂದು ಕೇಳಿದೆ. “ಹೇಳ್ದ. ನಮ್ಮ ಹುಡುಗಿಗೆ ಕೂಗೋಕೆ ಬರಲ್ಲ, ವಿಸಿಲ್ ಜೇಬಲ್ಲಿಟ್ಟು ಅವಳು ತಟ್ಟೋದಕ್ಕೆ ಕಿವಿ ಕೊಡಿ ಅಂದ. ಬಸ್ ಹತ್ತೋವಾಗ ಕಣ್ಣು ಕೆಂಪಗಿತ್ತು. ಧೂಳು ಅಂದ. ಹೊಳೆ ದಂಡೇಲಿ ಯಾವ ಧೂಳಮ್ಮ?”

ಅಣ್ಣಾ, ನಾನು ನಿನ್ನ ಜೊತೆ ಬರದೇ ಇದ್ದದ್ದು ಸೇತುವೆಗಾಗಿ ಅಲ್ಲ. ಅದನ್ನು ನಾನು ಆ ದಿನ ಹೇಳಲಿಲ್ಲ, ನೀನೂ ಕೇಳಲಿಲ್ಲ. ಹೊಸ ಊರು, ಹೊಸ ಜನ, ಅಂಗಡಿಗೆ ಹೋಗಿ ಇಂಥದ್ದು ಬೇಕು ಎಂದು ಕೇಳಬೇಕು, ಇನ್ನೊಮ್ಮೆ ಜೋರಾಗಿ ಹೇಳಿ ಎನ್ನುತ್ತಾರೆ. ಅದಕ್ಕೆ ಹೆದರಿದೆ. ಇಲ್ಲಿ ಕಂಬಿಗೆ ತಟ್ಟಿದರೆ ಸಾಕು, ಆ ಕಡೆ ನೀನಿದ್ದೆ. ನೀನು ಹೋಗಿಯೇಬಿಡುತ್ತೀಯ ಎಂದು ನಾನು ಅಂದುಕೊಂಡಿರಲಿಲ್ಲ.

ಸೇತುವೆ ಕ್ಷೇಮ. ಚಕ್ರ, ಚೈನು, ಬೋಲ್ಟು, ಕಲ್ಲು, ಎಲ್ಲವೂ ಸರಿಯಾಗಿವೆ. ಇದು ನಿಜ. ಈ ಪತ್ರದಲ್ಲಿ ನೀನು ಉತ್ತರ ಬರೆಯಲೇಬೇಕಾದ್ದು ಏನೂ ಇಲ್ಲ.

ನಿನ್ನ ತಂಗಿ


ಸೆಪ್ಟೆಂಬರ್ 19

ಗುಬ್ಬಿ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಎಷ್ಟೋ ಸಲ ಬರೆಯಲು ಕೂತೆ. ‘ಪತ್ರ ತಲುಪಿತು, ನಾನು ಕ್ಷೇಮ’ ಎಂದು ಬರೆದ ಮೇಲೆ ಮುಂದಕ್ಕೆ ಏನೂ ತೋಚುತ್ತಿರಲಿಲ್ಲ. ರಿಪೇರಿ ಇಲ್ಲದೆ ನನಗೆ ಪತ್ರ ಬರೆಯಲು ಬರುವುದಿಲ್ಲ ಎಂದು ಈಗ ತಿಳಿಯಿತು. ನೀನು ಸುಳ್ಳು ಬರೆಯಲು ಕಲಿತದ್ದು ನನ್ನಿಂದಲೇ.

ಹೆಸರು ತೆಗೆದದ್ದರ ಬಗ್ಗೆ ಕೊರಗಬೇಡ. ತಿಂಡಿ ತಿನ್ನುವಾಗ ಒಮ್ಮೊಮ್ಮೆ ನನಗೂ ನೆನಪಾಗುತ್ತದೆ, ಆಮೇಲೆ ಕೆಲಸಕ್ಕೆ ಹೋಗುತ್ತೇನೆ.

ಈಗ ನನ್ನ ವಿಷಯ. ಹೇಗೆ ಬರೆಯಬೇಕೋ ಗೊತ್ತಿಲ್ಲ, ಬಂದ ಹಾಗೆ ಬರೆಯುತ್ತೇನೆ. ಒಂದು ಸೈಕಲ್ ಅಂಗಡಿಯ ಮೇಲಿನ ರೂಮಿನಲ್ಲಿದ್ದೇನೆ. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ರೂಮಿಗೆ ಇಬ್ಬರು, ಹಾಸಿಗೆ ಒಂದೇ. ಇನ್ನೊಬ್ಬ ಬೇಕರಿಯಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ನಾನು ಎದ್ದು ಹೊರಟಾಗ ಅವನು ಬರುತ್ತಾನೆ, ಅವನು ಹೋದ ಮೇಲೆ ನಾನು ಬರುತ್ತೇನೆ. ದಿಂಬಿಗೆ ಯಾವಾಗಲೂ ಬ್ರೆಡ್ಡಿನ ವಾಸನೆ. ಅವನ ಜೊತೆ ಇದುವರೆಗೆ ಕೂತು ಮಾತಾಡಿಲ್ಲ. ಅವನ ಹೆಸರು ಗೊತ್ತಿದೆ, ದನಿ ಹೇಗಿದೆ ಎಂದು ನೆನಪಿಗೆ ಬರುವುದಿಲ್ಲ. ಊಟ ಹೋಟೆಲಿನಲ್ಲಿ.

ಕೆಲಸ ಲಿಫ್ಟ್ ರಿಪೇರಿಯದು. ಇಲ್ಲೂ ಎತ್ತುವುದು, ಇಳಿಸುವುದು. ರಿಪೇರಿ ಮುಗಿದ ಮೇಲೆ ಸರಿಯಾಗಿದೆಯೇ ಎಂದು ನೋಡಲು ನಾನೂ ಜನರ ಜೊತೆ ನಾಲ್ಕು ಸಲ ಮೇಲೆ ಕೆಳಗೆ ಹೋಗಬೇಕು. ಒಳಗೆ ಬಂದವರು ಬಾಗಿಲಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ, ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ಇಂಥ ಜಾಗ ನನಗೆ ಸರಿಯಾಗಿ ಒಗ್ಗುತ್ತದೆ ಎಂದುಕೊಂಡು ಈ ಕೆಲಸಕ್ಕೆ ಸೇರಿದ್ದೆ.

ಒಗ್ಗಲಿಲ್ಲ. ಇದಕ್ಕೆ ಏನು ಮಾಡಬೇಕು ಎಂದು ಗೊತ್ತಿದ್ದರೆ ಬರಿ.

ಅಣ್ಣ